ಎಂ ಅಂದ್ರೆ ಮಾವನ ಗೇರು: ಎಎಂಟಿ ಕಾರಿನ ಮ್ಯಾನುವಲ್ ಮೋಡ್, 71,000 ಕಿಲೋಮೀಟರ್ ಓಡಿಸಿದ ಮೇಲೆ

2019ರ ಕೊನೆಯಲ್ಲಿ ತಗೊಂಡ ಗಾಡಿ. 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರಿನ ಎಎಂಟಿ, ಅಂದ್ರೆ ಕ್ಲಚ್ಚು, ಗೇರು ಎರಡನ್ನೂ ಯಂತ್ರವೇ ನೋಡಿಕೊಳ್ಳುವ ಆಟೋಮ್ಯಾಟಿಕ್. ಓಡೋಮೀಟರ್ ಈಗ 71,000 ದಾಟಿದೆ. ಕಂಪನಿ ಹೆಸರು ಹೇಳುವುದಿಲ್ಲ, ಯಾಕಂದ್ರೆ ಕೆಳಗೆ ಒಂದೆರಡು ಬೈಗುಳ ಇವೆ. ವಾರವಿಡೀ ಬೆಂಗಳೂರಿನ ಟ್ರಾಫಿಕ್ಕು, ಎರಡು ತಿಂಗಳಿಗೊಮ್ಮೆ ಹಾಸನ, ಬೇಲೂರು, ಮೂಡಿಗೆರೆ ಮೇಲಾಗಿ ಚಾರ್ಮಾಡಿ ಇಳಿದು ಉಜಿರೆ ಹತ್ತಿರದ ನಮ್ಮ ಮನೆಗೆ. ಇಡೀ ಕಾರಿನ ವಿಮರ್ಶೆ ಬರೆಯಲು ಕೂತಿಲ್ಲ. ಗೇರ್ ಲಿವರ್ ಪಕ್ಕದಲ್ಲಿ ಗೇರ್ ಏರಿಸಲು ಪ್ಲಸ್ಸು, ಇಳಿಸಲು ಮೈನಸ್ಸು ಗುರುತಿನ ಜೊತೆ ಒಂದು ‘ಎಂ’ ಇರುತ್ತದಲ್ಲ, ಅದರ ಬಗ್ಗೆ ಮಾತ್ರ.

ಮೊದಲ ಕೆಲವು ತಿಂಗಳು ಅದನ್ನು ಮುಟ್ಟಲೇ ಇಲ್ಲ. ಆಟೋಮ್ಯಾಟಿಕ್‌ಗೆ ಅಂತ ಜಾಸ್ತಿ ದುಡ್ಡು ಕೊಟ್ಟು ಮತ್ತೆ ಕೈಯಲ್ಲಿ ಗೇರ್ ಹಾಕುವುದು ಯಾಕೆ, ಅಲ್ವಾ? ಕ್ಲಚ್ ತುಳಿದು ತುಳಿದು ಎಡಗಾಲು ಸೋತು ತಾನೇ ಈ ಗಾಡಿ ತಗೊಂಡಿದ್ದು. ಲಿವರ್ ‘ಡಿ’ಗೆ, ಅಂದ್ರೆ ಗಾಡಿಯೇ ಗೇರ್ ಹಾಕಿಕೊಳ್ಳುವ ಡ್ರೈವ್‌ಗೆ ಹಾಕು, ಹೋಗು.

ಪಾಠ ಆಗಿದ್ದು ಚಾರ್ಮಾಡಿಯಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯಲು ಶುರು ಮಾಡಿದೆವು, ಪಕ್ಕದಲ್ಲಿ ನನ್ನ ಸೋದರಮಾವ. ಮಂಗಳೂರು ಬಂದರಿನಿಂದ ಬೆಂಗಳೂರಿಗೆ ಮೂವತ್ತು ವರ್ಷ ಲಾರಿ ಓಡಿಸಿದವರು. ನಾನು ಡಿಯಲ್ಲೇ ಇದ್ದೆ. ಇಳಿಜಾರಿನಲ್ಲಿ ಗಾಡಿ ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ, ವೇಗ ಬಂತಲ್ಲ ಅಂತ ಗೇರ್‌ಬಾಕ್ಸು ಮೂರಕ್ಕೆ, ನಾಲ್ಕಕ್ಕೆ ಹಾರುತ್ತದೆ, ನಾಲ್ಕಕ್ಕೆ ಹೋದ ಮೇಲೆ ಎಂಜಿನ್ ಹಿಡಿತವೇ ಇರುವುದಿಲ್ಲ, ಮತ್ತೆ ನಾನು ಬ್ರೇಕ್ ತುಳಿಯಬೇಕು. ಪ್ರತಿ ತಿರುವಿಗೂ ಇದೇ ಕಥೆ. ಮಾವ ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ನಿಲ್ಲಿಸಲು ಹೇಳಿ ಕಾಣಿಕೆ ಹಾಕಿ ಬಂದರು. ಅಲ್ಲಿಂದ ಮುಂದೆ ಕೆಳಗಿನವರೆಗೂ ಮಾತೇ ಇಲ್ಲ. ಚಾರ್ಮಾಡಿ ಪೇಟೆಯಲ್ಲಿ ಚಾ ಕುಡಿಯಲು ನಿಲ್ಲಿಸಿ ಬಾಗಿಲು ತೆಗೆದರೆ ಸುಟ್ಟ ವಾಸನೆ ಗಪ್ಪನೆ ಬಂತು. ಮಾವ ಬಗ್ಗಿ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದು, ಬಿಸಿ ತಟ್ಟಿದ ಹಾಗೆ ಹಿಂದೆ ತೆಗೆದುಕೊಂಡರು.

‘ಎಂತ ಮಾರಾಯ, ಬ್ರೇಕಲ್ಲೇ ಘಾಟಿ ಇಳಿಸಿದೆಯಲ್ಲ. ಇದಕ್ಕೆ ಗೇರ್ ಇಲ್ವಾ?’

ಉಂಟು ಮಾವ, ಆದ್ರೆ ಅದೇ ಹಾಕಿಕೊಳ್ತದೆ ಅಂದೆ. ‘ಅದಕ್ಕೆ ಮುಂದೆ ರಸ್ತೆ ಕಾಣ್ತದಾ?’ ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು, ಹಳೇ ಲಾರಿ ಡ್ರೈವರುಗಳ ಲೆಕ್ಕ ಅದು. ವಾಪಸು ಹೋಗುವಾಗ ಕೈಪಿಡಿ ತೆಗೆದು ಎಂ ಮೋಡ್ ಪುಟ ಓದಿದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಎಂ ಅಂದ್ರೆ ಮಾವನ ಗೇರು.

ಈಗ ಇಳಿಯುವ ಕ್ರಮ ಹೀಗಿದೆ. ಘಾಟಿ ಶುರುವಾಗುವ ಮೊದಲೇ, ಗಾಡಿ ಇನ್ನೂ ನಿಧಾನದಲ್ಲಿರುವಾಗಲೇ, ಲಿವರ್ ಎಂಗೆ ತಂದು ಎರಡನೇ ಗೇರಿನಲ್ಲಿ ಇಡುತ್ತೇನೆ. ಆಕ್ಸಿಲರೇಟರಿಂದ ಕಾಲು ತೆಗೆದರೆ ಗಾಡಿ 30, 35ರ ಆಸುಪಾಸಿನಲ್ಲಿ ತಾನೇ ಇಳಿಯುತ್ತದೆ, ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು 2500ರ ಹತ್ತಿರ ಆಡುತ್ತಿರುತ್ತದೆ, ಎಂಜಿನ್ ಸ್ವಲ್ಪ ಗುಂಯ್ ಅನ್ನುತ್ತದೆ. ಆ ಸದ್ದಿಗೆ ಮೊದಲು ನನಗೂ ಭಯ ಆಗಿತ್ತು, ಎಂಜಿನ್‌ಗೆ ಏಟು ಬೀಳುತ್ತದೇನೋ ಅಂತ. ಏನೂ ಆಗುವುದಿಲ್ಲ, ಅದು ಮೀಟರಿನಲ್ಲಿ ಎಂಜಿನ್ ಮಿತಿ ತೋರಿಸುವ ಕೆಂಪು ಗೆರೆಗೆ ಅರ್ಧ ದೂರವೂ ಅಲ್ಲ. ಬ್ರೇಕ್ ಬೇಕಾಗುವುದು ಹೇರ್‌ಪಿನ್ ತಿರುವಿಗೆ ಮೊದಲು ಸ್ವಲ್ಪ, ಎದುರಿಗೆ ಬಸ್ ಬಂದರೆ ಸ್ವಲ್ಪ. ಮೂರಕ್ಕೆ ಹಾಕಿದರೆ ನನ್ನ ಗಾಡಿಗೆ ಚಾರ್ಮಾಡಿಯಲ್ಲಿ ಹಿಡಿತ ಸಾಲುವುದಿಲ್ಲ. ಶಿರಾಡಿಯಲ್ಲಿ ಮೂರು ನಡೆಯುತ್ತದೆ. ಆಗುಂಬೆಯಲ್ಲಿ 14 ಹೇರ್‌ಪಿನ್ ಒಂದರ ಹಿಂದೆ ಒಂದು ಬರುತ್ತವೆ, ಅಲ್ಲಿ ಎರಡರಿಂದ ಮೇಲೆ ಹೋಗುವ ಮಾತೇ ಇಲ್ಲ.

ಕೆಲವರು ಪೆಟ್ರೋಲ್ ಉಳಿಯುತ್ತದೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುತ್ತಾರೆ, ನಮ್ಮ ಬಾವನವರೂ ಅದೇ ಪಂಗಡ. ದಯವಿಟ್ಟು ಬೇಡ. ಕಾರ್ಬ್ಯುರೇಟರ್ ಕಾಲದ ಲೆಕ್ಕ ಅದು. ಈಗಿನ ಇಂಜೆಕ್ಷನ್ ಗಾಡಿ ಗೇರಿನಲ್ಲಿದ್ದು ನೀವು ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಕುಡಿಯುತ್ತಲೇ ಇರಬೇಕು. ಅಂದ್ರೆ ನ್ಯೂಟ್ರಲ್‌ನಲ್ಲಿ ಪೆಟ್ರೋಲೂ ಹೋಯಿತು, ಹಿಡಿತವೂ ಹೋಯಿತು.

ಹತ್ತುವಾಗಿನ ಕಥೆ ಬೇರೆ. ಡಿಯಲ್ಲಿ ಹೇರ್‌ಪಿನ್‌ಗೆ ಎರಡನೇ ಗೇರಿನಲ್ಲಿ ಹೋಗುತ್ತೀರಿ, ತಿರುವಿನ ನಡುವೆ ವೇಗ ಬೀಳುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದೀರಿ, ಆಗ ಗೇರ್‌ಬಾಕ್ಸಿಗೆ ಜ್ಞಾನೋದಯ ಆಗುತ್ತದೆ, ಒಂದನೇ ಗೇರು ಬೇಕು ಅಂತ. ಕ್ಲಚ್ ಬಿಡುತ್ತದೆ, ಒಂದು ಕ್ಷಣ ಗಾಡಿಯಲ್ಲಿ ಜೀವವೇ ಇಲ್ಲ, ತಲೆ ಮುಂದಕ್ಕೆ ಒಂದು ಸಲ ತೂಗುತ್ತದೆ, ಹಿಂದೆ ಬಸ್ಸಿನವನು ಹಾರ್ನ್ ಒತ್ತುತ್ತಾನೆ, ಆಮೇಲೆ ಗೇರ್ ಬೀಳುತ್ತದೆ. ಎಂನಲ್ಲಿ ನಾನು ತಿರುವಿಗೆ ಹತ್ತು ಮೀಟರ್ ಮುಂಚೆಯೇ ಮೈನಸ್ ಒಂದು ಸಲ ತಟ್ಟಿರುತ್ತೇನೆ. ತೂಗಾಟ ಆಗಲೂ ಇರುತ್ತದೆ, ಆದರೆ ನೇರ ರಸ್ತೆಯಲ್ಲಿ, ನಾನು ಹೇಳಿದ ಜಾಗದಲ್ಲಿ. ತಿರುವಿನಲ್ಲಿ ಗಾಡಿ ಸುಮ್ನೆ ಎಳೆದುಕೊಂಡು ಹೋಗುತ್ತದೆ.

ಇದು ಯಾಕೆ ಹೀಗೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಎಎಂಟಿ ಅಂದ್ರೆ ಒಳಗೆ ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ, ಒಂದೇ ಕ್ಲಚ್ಚು. ನಿಮ್ಮ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಮೇಲೆ ಕೂತ ಯಂತ್ರ ಮಾಡುತ್ತದೆ, ಅಷ್ಟೇ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಬಂದಾಗ ಆಟೋಮ್ಯಾಟಿಕ್ ಕಾರು ಮಧ್ಯಮ ವರ್ಗದ ಕೈಗೆಟುಕಿದ್ದು ಈ ಸರಳತನದಿಂದಲೇ. ಗೇರ್ ಬದಲಾಗುವಾಗ ಶಕ್ತಿ ಕಡಿದು ಹೋಗುವುದು ಮ್ಯಾನುವಲ್‌ನಲ್ಲೂ ಇದೆ, ಆದರೆ ಅಲ್ಲಿ ಯಾವಾಗ ಕಡಿಯುತ್ತದೆ ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ. ಡಿಯಲ್ಲಿ ಗೊತ್ತಿರುವುದಿಲ್ಲ. ಎಂ ಕೊಡುವುದು ಆ ಗೊತ್ತಿರುವಿಕೆಯನ್ನೇ. ಜೋರಾಗಿ ಓಡಿಸಲು ಅಂತ ಇರುವ ಮೋಡ್ ಅಲ್ಲ ಇದು, ‘ನಾನು ಹೇಳುವ ತನಕ ಈ ಗೇರು ಬಿಡಬೇಡ’ ಅಂತ ಹೇಳುವ ಮೋಡ್.

ಹೇಳಿದ್ದೆಲ್ಲ ಕೇಳುತ್ತದೆ ಅಂತಲೂ ಅಲ್ಲ. 80ರಲ್ಲಿ ಓಡುವಾಗ ಎರಡಕ್ಕೆ ಇಳಿಸಲು ಹೋದರೆ ಟಿಣ್ ಅಂದು ಸುಮ್ಮನಾಗುತ್ತದೆ. ತೀರಾ ನಿಧಾನ ಆದರೆ ತಾನೇ ಕೆಳಗಿನ ಗೇರಿಗೆ ಬರುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಒಂದಕ್ಕೆ ಬಂದು ಕಾಯುತ್ತದೆ, ಎಂಜಿನ್ ಆರುವುದಿಲ್ಲ. ಕೆಂಪು ಗೆರೆ ಮುಟ್ಟಿದರೆ ನನ್ನ ಗಾಡಿ ತಾನೇ ಮೇಲಿನ ಗೇರು ಹಾಕಿಕೊಳ್ಳುತ್ತದೆ, ಕೆಲವು ಗಾಡಿಗಳು ಅಲ್ಲೇ ಹಿಡಿದು ನಿಲ್ಲುತ್ತವೆ. ಹಾಗಾಗಿ ಕಲಿಯುವಾಗ ಏನೋ ಮುರಿದು ಹಾಕುತ್ತೇನೆ ಅನ್ನುವ ಹೆದರಿಕೆ ಬೇಡ. ಒಂದು ಕಿರಿಕಿರಿ ಇದೆ: ಪ್ಲಸ್ ಮುಂದಕ್ಕೋ ಹಿಂದಕ್ಕೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಬಿಎಂಡಬ್ಲ್ಯು, ಮಾಜ್ದಾದವರು ಹಿಂದಕ್ಕೆ ಎಳೆದರೆ ಗೇರ್ ಏರುವ ಹಾಗೆ ಇಟ್ಟಿದ್ದಾರೆ, ಇನ್ನು ಎಷ್ಟೋ ಗಾಡಿಗಳಲ್ಲಿ ಮುಂದಕ್ಕೆ ತಳ್ಳಬೇಕು. ಗೆಳೆಯನ ಗಾಡಿ ತಗೊಂಡು ಹೋದಾಗ ಓವರ್‌ಟೇಕ್ ಮಾಡಲು ಇಳಿಸುವ ಬದಲು ಏರಿಸಿ ಲಾರಿ ಪಕ್ಕದಲ್ಲಿ ತೆವಳಿದ್ದು ನಾನೇ.

ಓವರ್‌ಟೇಕ್ ಅಂದಾಗ ನೆನಪಾಯಿತು. ಹಾಸನ ದಾಟಿ ಬೇಲೂರಿನ ಕಡೆ ಹೋಗುವಾಗ ಕಾಫಿ ಲೋಡಿನ ಲಾರಿ ಹಿಂದೆ ಸಿಕ್ಕಿಕೊಂಡರೆ, ಡಿಯಲ್ಲಿ ಪೂರ್ತಿ ತುಳಿದರೂ ಗಾಡಿ ಒಂದು ಗಳಿಗೆ ಯೋಚನೆ ಮಾಡುತ್ತದೆ. ಎಂನಲ್ಲಿ ಮೊದಲೇ ಮೂರಕ್ಕೆ ಇಳಿಸಿ ಲಾರಿ ಹಿಂದೆಯೇ ಕಾಯುತ್ತೇನೆ, ಜಾಗ ಕಂಡ ಕೂಡಲೇ ಹೊರಟರಾಯಿತು. ಗೇರ್ ಏರಿಸುವಾಗ ಆಕ್ಸಿಲರೇಟರ್ ಕಾಲು ಚೂರು ಸಡಿಲ ಬಿಡಿ, ಮ್ಯಾನುವಲ್‌ನಲ್ಲಿ ಮಾಡುವ ಹಾಗೆ. ತಲೆ ತೂಗುವುದು ಅರ್ಧ ಕಡಿಮೆ ಆಗುತ್ತದೆ. ಡಿಯಲ್ಲೂ ಈ ಉಪಾಯ ನಡೆಯುತ್ತದೆ.

ಊರಿನ ಮನೆಗೆ ಕೊನೆಯ ಅರ್ಧ ಕಿಲೋಮೀಟರ್ ಮಣ್ಣು ರಸ್ತೆ. ಮಳೆಗಾಲದಲ್ಲಿ ಕೆಸರಿನಲ್ಲಿ ಒಂದನೇ ಗೇರಿನಲ್ಲಿ ಹೊರಟರೆ ಚಕ್ರ ಸುಮ್ನೆ ತಿರುಗುತ್ತದೆ. ಎಂನಲ್ಲಿ ಎರಡು ಹಾಕಿ ಮೆಲ್ಲಗೆ ಹೊರಡಿಸಿದರೆ ಹಿಡಿಯುತ್ತದೆ. ನನ್ನ ಗಾಡಿ ಇದಕ್ಕೆ ಒಪ್ಪುತ್ತದೆ, ನಿಮ್ಮದು ಒಪ್ಪುತ್ತದಾ ನೋಡಿಕೊಳ್ಳಿ.

ಬೆಂಗಳೂರಲ್ಲಿ ಎಂ? ದಂಡ. ಸಿಲ್ಕ್ ಬೋರ್ಡ್‌ನಲ್ಲಿ ಒಂದು, ಎರಡು, ಒಂದು ಅಂತ ತಟ್ಟುತ್ತಾ ಕೂರುವುದಾದರೆ ಮ್ಯಾನುವಲ್ ಗಾಡಿಯನ್ನೇ ತಗೊಳ್ಳಬಹುದಿತ್ತು. ಒಂದು ತಿಂಗಳು ಹಠ ಹಿಡಿದು ಮಾಡಿ ನೋಡಿದೆ. ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕಿದರೆ ಡಿಯಲ್ಲಿ ಲೀಟರಿಗೆ 14 ಕಿಲೋಮೀಟರ್ ಬರುತ್ತಿದ್ದದ್ದು ಎಂನಲ್ಲಿ 13ಕ್ಕೆ ಇಳಿಯಿತು. ಗೇರ್ ಏರಿಸಲು ನಾನೇ ಮರೆಯುತ್ತಿದ್ದೆ.

ಎಂ ಕೈಯಲ್ಲಿ ಆಗದ ಕೆಲಸವೂ ಒಂದಿದೆ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಏರಿನಲ್ಲಿ ಜಾಮ್ ಆಗಿ ನಿಂತಾಗ ಎಂನಲ್ಲಿ ಒಂದನೇ ಗೇರು ಹಾಕಿಕೊಂಡರೆ ಗಾಡಿ ಹಿಂದಕ್ಕೆ ಜಾರುವುದಿಲ್ಲ ಅಂತ. ಜಾರುತ್ತದೆ. ಗೇರು ನಿಮ್ಮ ಕೈಯಲ್ಲಿರಬಹುದು, ಕ್ಲಚ್ಚು ಯಾವಾಗಲೂ ಕಂಪ್ಯೂಟರಿನದ್ದೇ. ಆಕ್ಸಿಲರೇಟರ್ ಅರ್ಧ ಒತ್ತಿ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದರೆ ಒಳಗೆ ಕ್ಲಚ್ ಸವೆಯುತ್ತಾ ಸುಡುತ್ತಿರುತ್ತದೆ. ಬ್ರೇಕ್ ತುಳಿದು ನಿಲ್ಲಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಹೊರಡುವಾಗ ಗಾಡಿ ಎಳೆಯಲು ಶುರು ಮಾಡಿದ ಮೇಲೆ ಬಿಡಿ. ಘಾಟಿಯಲ್ಲಿ ಗುಡ್ಡ ಕುಸಿದು ಒಂದೂವರೆ ಗಂಟೆ ಇಂಚಿಂಚು ಸರಿದ ದಿನ ಇದನ್ನು ಮಾಡದೆ ನಾನೇ ವಾಸನೆ ಬರಿಸಿದ್ದೇನೆ. ನಿಲ್ಲಿಸಿದ ಗಾಡಿಯನ್ನು ಹಿಡಿದಿಡುವ ‘ಪಿ’ (ಪಾರ್ಕ್) ಕೂಡ ನನ್ನ ಗಾಡಿಯಲ್ಲಿ ಇಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದರೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲೇ ಬಿಟ್ಟು ಎಂಜಿನ್ ಆಫ್ ಮಾಡುತ್ತೇನೆ, ಜೊತೆಗೆ ಚಕ್ರಕ್ಕೊಂದು ಕಲ್ಲು. ಕಲ್ಲಿನ ಮೇಲೆ ನನಗೆ ಇನ್ನೂ ನಂಬಿಕೆ ಇದೆ.

ಬೈಗುಳಕ್ಕೆ ಬರೋಣ. 52,000ದ ಹೊತ್ತಿಗೆ ಎರಡರಿಂದ ಒಂದಕ್ಕೆ ಬರುವಾಗ ಧಡಕ್ ಅನ್ನಲು ಶುರುವಾಯಿತು. ಸರ್ವಿಸ್ ಸೆಂಟರಿನಲ್ಲಿ ಮೊದಲ ಸಲ ‘ಎಎಂಟಿ ಅಂದ್ರೆ ಹಾಗೇ ಸರ್’ ಅಂದರು. ಎರಡನೇ ಸಲ ‘ನೀವು ಮ್ಯಾನುವಲ್ ಮೋಡ್ ಬಳಸುತ್ತೀರಾ? ಅದಕ್ಕೇ ಕ್ಲಚ್ ಹೋಗಿರಬೇಕು’ ಅಂದರು. ಕಂಪನಿಯೇ ಕೊಟ್ಟ ಮೋಡ್ ಬಳಸಿದರೆ ತಪ್ಪು ನನ್ನದಂತೆ! ಮೂರನೇ ಸಲ ಬೇರೆ ಕಡೆ ಹೋದೆ. ಅಲ್ಲಿಯ ಹುಡುಗ ಸ್ಕ್ಯಾನರ್ ಹಾಕಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸಿದ. ಅವರ ಭಾಷೆಯಲ್ಲಿ ಅದು ‘ಲರ್ನಿಂಗ್’. ಅರ್ಧ ಗಂಟೆಯ ಕೆಲಸ. ಧಡಕ್ ಹೋಯಿತು, ಕ್ಲಚ್ ಇನ್ನೂ ಹಳೆಯದೇ ಇದೆ. ಮುಂಚಕ್ರಗಳ ಬ್ರೇಕ್ ಪ್ಯಾಡ್ 38,000ದಲ್ಲಿ ಒಂದೇ ಸಲ ಬದಲಾಯಿಸಿದ್ದೇನೆ.

ನನ್ನ ಹೆಂಡತಿ ಇಷ್ಟು ವರ್ಷದಲ್ಲಿ ಎಂ ಮುಟ್ಟಿದ್ದು ಘಾಟಿಯಲ್ಲಿ ಮಾತ್ರ, ಅದೂ ಮಾವ ಹಿಂದೆ ಕೂತಿದ್ದಾಗ. ಉಳಿದಂತೆ ಡಿ. ಅವಳದೇ ಸರಿಯಾದ ಬಳಕೆ ಅಂತ ಈಗ ನನಗೂ ಅನ್ನಿಸುತ್ತದೆ.

ಮುಂದಿನ ಗಾಡಿ ಹುಡುಕುತ್ತಿದ್ದೇನೆ. ಸಿವಿಟಿ ಅನ್ನುವ ಬೆಲ್ಟಿನ ಆಟೋಮ್ಯಾಟಿಕ್‌ನಲ್ಲಿ ನಿಜವಾದ ಗೇರುಗಳೇ ಇಲ್ಲ, ಸ್ಟೇರಿಂಗ್ ಹಿಂದಿನ ಪ್ಯಾಡಲ್ ಒತ್ತಿದಾಗ ಸಿಗುವುದು ಲೆಕ್ಕಕ್ಕೆ ಇಟ್ಟ ಮೆಟ್ಟಿಲುಗಳು, ಆದರೂ ಇಳಿಜಾರಿನಲ್ಲಿ ಹಿಡಿತ ಬರುತ್ತದೆ. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಗಾಡಿಗಳಲ್ಲಿ ತಲೆ ತೂಗುವುದೇ ಇಲ್ಲ, ಬೆಲೆ ಕೇಳಿದಾಗ ತಲೆ ತಿರುಗುತ್ತದೆ. ಪಕ್ಕದ ಮನೆಯವರ ಎಲೆಕ್ಟ್ರಿಕ್ ಕಾರಿನಲ್ಲಿ ಕಾಲು ತೆಗೆದರೆ ಮೋಟಾರೇ ಹಿಡಿದುಕೊಂಡು ಬ್ಯಾಟರಿಗೆ ಚಾರ್ಜ್ ತುಂಬುತ್ತದೆ, ಘಾಟಿ ಇಳಿದರೆ ಲಾಭ. ಅದನ್ನು ನೋಡಿ ಮಾವನಿಗೆ ಸ್ವಲ್ಪ ಹೊಟ್ಟೆಕಿಚ್ಚು.

ಹೋದ ವಾರ ಒಂದು ಟೆಸ್ಟ್ ಡ್ರೈವ್‌ಗೆ ಹೋಗಿದ್ದೆ. ಎಂ ಯಾವುದಕ್ಕೆ ಅಂತ ಬೇಕೆಂದೇ ಕೇಳಿದೆ. ಶೋರೂಮಿನ ಹುಡುಗ ‘ಸ್ಪೋರ್ಟಿ ಫೀಲ್ ಬರುತ್ತೆ ಸರ್’ ಅಂದ. ಫ್ಲೈಓವರ್ ಇಳಿಯುವಾಗ ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು ಎರಡಕ್ಕೆ ಇಳಿಸಿ ಕಾಲು ತೆಗೆದೆ. ಗಾಡಿ ಚೆನ್ನಾಗಿ ಹಿಡಿಯಿತು. ಹುಡುಗನೂ ಡ್ಯಾಶ್‌ಬೋರ್ಡ್ ಹಿಡಿದುಕೊಂಡ.