ಗ್ಯಾರೇಜಿಗೆ ಬೈಕ್ ಬಿಟ್ಟು ಮನೆಗೆ ಬರಬೇಡಿ, ಎದುರಲ್ಲೇ ನಿಂತು ಮಾಡಿಸಿ

ಇದನ್ನು ಬರೆಯಲೋ ಬೇಡವೋ ಅಂತ ಹದಿನೈದು ದಿನ ಯೋಚಿಸಿದೆ. ಅಪ್ಪ ಬೇಡ ಅಂದರು. "ಸಣ್ಣ ಊರು, ನಾಳೆ ಮುಖ ನೋಡಬೇಕು" ಅಂದರು. ಆದರೆ ಅವತ್ತು ಹಿಂದೆ ಕೂತಿದ್ದವಳು ನನ್ನ ತಂಗಿ. ಅದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ಗ್ಯಾರೇಜಿನ ಹೆಸರು ಹಾಕಲ್ಲ, ಯಾವ ಊರು ಅಂತಲೂ ಹೇಳಲ್ಲ. ಕೊಡಗಿನಲ್ಲೇ ಇದೆ, ಅಷ್ಟು ಸಾಕು.

ನನ್ನದು ಯಮಾಹಾ ಆರ್15 ವಿ3. 2019ರಲ್ಲಿ ಹೊಸದಾಗಿ ತೆಗೆದುಕೊಂಡದ್ದು. 31 ಸಾವಿರ ಕಿಲೋಮೀಟರ್ ಓಡಿದೆ. ನಾನು ಮೈಸೂರಿನಲ್ಲಿ ಕೆಲಸ ಮಾಡುತ್ತೇನೆ, ಮನೆ ನಾಪೋಕ್ಲು ಕಡೆ. ವಾರಂಟಿ ಇರುವ ತನಕ ಕಂಪನಿ ಸರ್ವಿಸಿಗೇ ಕೊಡುತ್ತಿದ್ದೆ. ಈ ಸಲ ಮಳೆಗಾಲಕ್ಕೆ ಮೊದಲು ಊರಲ್ಲೇ ಮಾಡಿಸೋಣ ಅಂತ ಮೇ ಕೊನೆಯಲ್ಲಿ ಈ ಗ್ಯಾರೇಜಿಗೆ ಕೊಟ್ಟೆ. ಗೊತ್ತಿಲ್ಲದ ಜಾಗ ಅಲ್ಲ. ಅಪ್ಪನ ಜೀಪು ಹತ್ತು ವರ್ಷದಿಂದ ಅಲ್ಲೇ ರಿಪೇರಿ. ನಾನು ಶಾಲೆಗೆ ಹೋಗುವಾಗಿಂದ ಆ ಅಣ್ಣನನ್ನು ನೋಡಿದ್ದೇನೆ. ಕಾಫಿ ಕೊಯ್ಲಿನ ಸಮಯದಲ್ಲಿ ಜೀಪು ಕೆಟ್ಟರೆ ರಾತ್ರಿ ಒಂಬತ್ತಕ್ಕೂ ಬಂದು ಮಾಡಿಕೊಟ್ಟ ಮನುಷ್ಯ. ಇದನ್ನೂ ಹೇಳಬೇಕು. ಸುಮ್ನೆ ಯಾರನ್ನೋ ನಂಬಿ ಬಿಟ್ಟು ಬಂದದ್ದಲ್ಲ ನಾನು.

"ಅಣ್ಣ, ಇದು ಜೀಪಲ್ಲ, ಆರ್15. ಫೇರಿಂಗ್ ಹುಷಾರು" ಅಂದೆ. ಫೇರಿಂಗ್ ಅಂದರೆ ಬೈಕಿನ ಮೈಗೆ ಹೊದಿಸಿದ ಪ್ಲಾಸ್ಟಿಕ್ ಕವಚ.

"ನೀನೆಂತ ಹೆದರ್ತೀಯಾ ಮಾರಾಯ, ಇಂಥದ್ದು ತಿಂಗಳಿಗೆ ಎಷ್ಟು ಮಾಡ್ತೇವೆ. ನಂಗೆ ಬಿಟ್ಟುಬಿಡು" ಅಂದರು.

ಬಿಟ್ಟುಬಿಟ್ಟೆ. ಅದೇ ತಪ್ಪು.

ಮಧ್ಯಾಹ್ನ ಫೋನ್ ಬಂತು. "ನಿನ್ನ ಕ್ಲಚ್ ಪ್ಲೇಟ್ ಪೂರ್ತಿ ಹೋಗಿದೆ. ಮಳೆಯಲ್ಲಿ ಘಾಟಿ ಹತ್ತುವಾಗ ಕೈಕೊಡುತ್ತೆ. ಹಾಕಿಬಿಡಲಾ?" ಕ್ಲಚ್ಚಿನಲ್ಲಿ ನನಗೆ ಏನೂ ತೊಂದರೆ ಕಂಡಿರಲಿಲ್ಲ. ಆದರೂ 31 ಸಾವಿರ ಓಡಿದೆ, ಇರಬಹುದು ಅಂದುಕೊಂಡೆ. ಹಾಕಿ ಅಣ್ಣ ಅಂದೆ. ಮುಂದಿನ ಬ್ರೇಕ್ ಪ್ಯಾಡೂ ಸವೆದಿದೆ ಅಂದರು. ಅದನ್ನೂ ಹಾಕಿ ಅಂದೆ.

ಐದಕ್ಕೆ ಬಾ ಅಂದಿದ್ದರು, ನಾನು ನಾಲ್ಕಕ್ಕೇ ಹೋದೆ. ಹುಡುಗನೊಬ್ಬ ನನ್ನ ಗಾಡಿಗೆ ಆಯಿಲ್ ಹಾಕುತ್ತಿದ್ದ. ಎಂಜಿನ್ನಿಗೆ ಫನಲ್ ಇಟ್ಟಿದ್ದಾನೆ, ಕೈಯಲ್ಲಿ ಡಬ್ಬ. ನಾನು ನಿಂತು ನೋಡಿದೆ. ಫೋಟೋನೂ ತೆಗೆದೆ, "ಬೈಕ್ ರೆಡಿ ಆಗ್ತಾ ಇದೆ" ಅಂತ ತಂಗಿಗೆ ಕಳಿಸಿದೆ. ಈ ಫೋಟೋದ ವಿಷಯ ನೆನಪಿಟ್ಟುಕೊಳ್ಳಿ.

ಬಿಲ್ ಕೊಟ್ಟರು. ಬಿಲ್ ಅಂದರೆ ಒಂದು ಬಿಳಿ ಚೀಟಿ. ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ, ಸೀಲಿಲ್ಲ. ಕ್ಲಚ್ ಪ್ಲೇಟ್ ಸೆಟ್ 2,600. ಎಂಜಿನ್ ಆಯಿಲ್ 2 ಲೀಟರ್ 1,300. ಆಯಿಲ್ ಫಿಲ್ಟರ್ 180, ಕೂಲೆಂಟ್ 450, ಮುಂದಿನ ಬ್ರೇಕ್ ಪ್ಯಾಡ್ 750. ಫೇರಿಂಗ್ ಬಿಚ್ಚಿ ಕೂರಿಸಿದ್ದಕ್ಕೆ ಬೇರೆ 900, ಲೇಬರ್ ಬೇರೆ 2,200. ಒಟ್ಟು 8,380. ಅವರೇ 80 ರೂಪಾಯಿ ಬಿಟ್ಟರು. ಅದಕ್ಕೆ ನಾನು ಥ್ಯಾಂಕ್ಸ್ ಅಣ್ಣ ಅಂತ ಬೇರೆ ಹೇಳಿದೆ. ಆ 80 ರೂಪಾಯಿ ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಳೇ ಪಾರ್ಟ್ಸ್ ಕೊಡಿ ಅಂದೆ. "ಅದನ್ನೆಲ್ಲ ಗುಜರಿಯವನು ಈಗಷ್ಟೇ ತಗೊಂಡು ಹೋದ" ಅಂದರು. ಬಲಗಡೆ ಫೇರಿಂಗಿನಲ್ಲಿ ಒಂದು ಬೋಲ್ಟ್ ಇರಲಿಲ್ಲ. ಒಂದು ಲಾಕ್ ಮುರಿದು ಗಮ್ ಹಾಕಿ ಅಂಟಿಸಿದ್ದರು, ಗಮ್ ಇನ್ನೂ ಒಣಗಿರಲಿಲ್ಲ. ಕೇಳಿದರೆ "ಅದು ಮೊದಲೇ ಹಂಗಿತ್ತು" ಅಂದರು. ಮೊದಲೇ ಹಾಗಿರಲಿಲ್ಲ. ನನ್ನ ಗಾಡಿ ನನಗೆ ಗೊತ್ತಿಲ್ವಾ? ಆದರೂ ಸುಮ್ಮನಾದೆ. ಅಪ್ಪನ ಪರಿಚಯ, ಜಗಳ ಬೇಡ ಅಂತ ಸುಮ್ಮನಾದೆ.

ಆಮೇಲೆ ಒಂದೆರಡು ವಾರ ಗಾಡಿ ಅಷ್ಟಾಗಿ ಓಡಿಸಲಿಲ್ಲ. ಓಡಿಸಿದ್ದೂ ಊರೊಳಗೇ. ಕ್ಲಚ್ ಸ್ವಲ್ಪ ಬಿಗಿ ಅನಿಸಿತು, ಹೊಸ ಪ್ಲೇಟ್ ಅಲ್ವಾ, ಸರಿಹೋಗುತ್ತೆ ಅಂದುಕೊಂಡೆ.

ಜೂನ್ ಮಧ್ಯದ ಒಂದು ಭಾನುವಾರ ಸುಳ್ಯದಿಂದ ತಂಗಿಯನ್ನು ಕರೆದುಕೊಂಡು ಬರಬೇಕಿತ್ತು. ಬೆಳಿಗ್ಗೆ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದೆ. ಇಳಿಯುವಾಗ ಏನೂ ಗೊತ್ತಾಗಲಿಲ್ಲ. ಮಧ್ಯಾಹ್ನ ಹಿಂದೆ ಅವಳು, ಅವಳ ಬ್ಯಾಗು. ಸಂಪಾಜೆ ದಾಟಿದ ಮೇಲೆ ಮಳೆ ಜೋರಾಯಿತು. ಕೊಯನಾಡು ತನಕ ಪರವಾಗಿಲ್ಲ. ಅಲ್ಲಿಂದ ಮೇಲೆ ಏರು ಶುರು, ಗೊತ್ತಲ್ಲ. ಒಂದು ತಿರುವಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟೆ. ಎಂಜಿನ್ ಕೂಗಿತು. ಗಾಡಿ ಎಳೆಯಲಿಲ್ಲ. ಈ ಬೈಕಿನಲ್ಲಿ ಆರ್‌ಪಿಎಂ 7,400 ಮುಟ್ಟಿದರೆ ಮೀಟರಿನಲ್ಲಿ ವಿವಿಎ ಅಂತ ಬರುತ್ತದೆ, ಎಂಜಿನ್ ಜೋರಾಗಿ ತಿರುಗುವಾಗ ವಾಲ್ವುಗಳನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸುವ ವ್ಯವಸ್ಥೆ ಅದು. ಸಾಮಾನ್ಯವಾಗಿ ಅದು ಬಂದಾಗ ಗಾಡಿ ಹಾರುತ್ತದೆ. ಅವತ್ತು ವಿವಿಎ ಬಂದಿದೆ, ಸ್ಪೀಡು 30 ಇದ್ದದ್ದು 20ಕ್ಕೆ ಇಳಿಯುತ್ತಿದೆ. ಹಿಂದೆ ಒಂದು ಲಾರಿ ಹಾರ್ನ್ ಹೊಡೆಯುತ್ತಿದೆ. "ಎಂತ ಆಯ್ತು ಅಣ್ಣ?" ಅಂತ ತಂಗಿ ಕೇಳುತ್ತಿದ್ದಾಳೆ. ಸುಟ್ಟ ವಾಸನೆ ಬೇರೆ.

ಒಂದನೇ ಗೇರಿನಲ್ಲಿ ಉರುಳಿಸಿಕೊಂಡು ಹೇಗೋ ಜೋಡುಪಾಲದ ತನಕ ಬಂದೆ. ಅಲ್ಲಿ ನಿಂತುಹೋಯಿತು. ಮಳೆಯಲ್ಲಿ ಆ ಜಾಗದಲ್ಲಿ ನಿಲ್ಲೋದು ಅಂದರೆ ಏನು ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಜಾಗ ಅದು. ತಂಗಿ ಗುಡ್ಡ ನೋಡುತ್ತಾ ನಿಂತಿದ್ದಳು, ಮಾತಾಡಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಒಂದು ಪಿಕಪ್ ಸಿಕ್ಕಿತು. ಗಾಡಿ ಹಾಕಿಕೊಂಡು ಮಡಿಕೇರಿಗೆ ಬಂದೆವು. 1,500 ರೂಪಾಯಿ ಕೊಟ್ಟೆ. ಅವರು ಕೇಳಿದ್ದು ಜಾಸ್ತಿ ಅಲ್ಲ, ಅವತ್ತು ಎರಡು ಸಾವಿರ ಕೇಳಿದ್ದರೂ ಕೊಡುತ್ತಿದ್ದೆ.

ಮಡಿಕೇರಿಯಲ್ಲಿ ಬೇರೊಬ್ಬ ಮೆಕ್ಯಾನಿಕ್. ವಯಸ್ಸಾದವರು, ಜಾಸ್ತಿ ಮಾತಿಲ್ಲ. ಮೊದಲು ಕ್ಲಚ್ ಲಿವರ್ ಹಿಡಿದು ನೋಡಿದರು. "ಇದಕ್ಕೆ ಪ್ಲೇನೇ ಇಟ್ಟಿಲ್ಲ" ಅಂದರು. ಕೇಬಲ್ ಸ್ವಲ್ಪ ಸಡಿಲ ಇರಬೇಕು, ಲಿವರ್ ಒಂದು ಸೆಂಟಿಮೀಟರ್ ಸುಮ್ನೆ ಬರಬೇಕು, ಆಮೇಲೆ ಹಿಡಿಯಬೇಕು. ಹಾಗಿಲ್ಲದಿದ್ದರೆ ನಾವು ಲಿವರ್ ಮುಟ್ಟದೆ ಇದ್ದರೂ ಕ್ಲಚ್ ಅರ್ಧ ಹಿಡಿದ ಹಾಗೇ ಇರುತ್ತದೆ.

"ಯಾವಾಗ ಕ್ಲಚ್ ಪ್ಲೇಟ್ ಹಾಕಿಸಿದ್ದು?" ಅಂತ ಕೇಳಿದರು. ಮೇ ಕೊನೆಯಲ್ಲಿ ಅಂದೆ. ಅವರು ಏನೂ ಹೇಳದೆ ಟಾರ್ಚ್ ಹಿಡಿದು ಬಲಗಡೆ ಕ್ಲಚ್ ಕವರ್ ತೋರಿಸಿದರು. ಬೋಲ್ಟುಗಳ ಮೇಲಿನ ಬಣ್ಣ ಒಂದು ಚೂರೂ ಎದ್ದಿಲ್ಲ. ಸಂದಿಯಲ್ಲಿ ಕೆಂಪು ಮಣ್ಣು ಕಲ್ಲಿನ ಹಾಗೆ ಕೂತಿದೆ. "ಇದಕ್ಕೆ ಸ್ಪ್ಯಾನರ್ ಬಿದ್ದೇ ಇಲ್ಲ" ಅಂದರು.

ಬಿದ್ದೇ ಇಲ್ಲ. ಬಿಚ್ಚದೆ ಒಳಗಿನ ಪ್ಲೇಟ್ ಬದಲಿಸುವುದು ಹೇಗೆ? 2,600 ರೂಪಾಯಿ ಯಾವುದಕ್ಕೆ ಕೊಟ್ಟೆ ನಾನು? ಚೆನ್ನಾಗಿದ್ದ ಕ್ಲಚ್ಚನ್ನು ಹೋಗಿದೆ ಅಂತ ಹೇಳಿ, ಹೊಸದು ಹಾಕಿದೆ ಅಂತ ಹೇಳಿ, ಮುಟ್ಟದೇ ದುಡ್ಡು ತೆಗೆದುಕೊಂಡಿದ್ದಾರೆ. ಅದೂ ಘಾಟಿಯಲ್ಲಿ ಕೈಕೊಡುತ್ತೆ ಅಂತ ಹೆದರಿಸಿ.

ಆಮೇಲೆ ಆಯಿಲ್ ಇಳಿಸಿದರು. ಬೆರಳಿಗೆ ಹಚ್ಚಿಕೊಂಡು ನೋಡಿದರು. "ತುಂಬಾ ತೆಳು ಇದೆ. ಯಾವ ಆಯಿಲ್ ಹಾಕಿದ್ದು ಗೊತ್ತಾ?" ಆಗ ಫೋಟೋ ನೆನಪಾಯಿತು. ಫೋನ್ ತೆಗೆದೆ, ದೊಡ್ಡದು ಮಾಡಿ ನೋಡಿದೆ. ಹುಡುಗನ ಕೈಯಲ್ಲಿರುವ ಡಬ್ಬದ ಮೇಲೆ ಕಾರಿನ ಚಿತ್ರ. ಕೆಳಗೆ 5ಡಬ್ಲ್ಯೂ-30 ಅಂತ ಇದೆ, ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಗ್ರೇಡ್ ಅದು. ಕಾರಿನ ಆಯಿಲ್. ನಾನು ಎದುರಲ್ಲೇ ನಿಂತಿದ್ದೆ. ಫೋಟೋ ತೆಗೆದೆ. ಡಬ್ಬ ನೋಡಲಿಲ್ಲ. ಅವರ ಎದುರು ತಲೆ ಎತ್ತಲು ಆಗಲಿಲ್ಲ ನನಗೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಬೈಕಿನಲ್ಲಿ ಕ್ಲಚ್ ಇರುವುದು ಎಂಜಿನ್ ಆಯಿಲಿನಲ್ಲೇ ಮುಳುಗಿಕೊಂಡು. ಮ್ಯಾನ್ಯುವಲ್ ಕಾರಿನಲ್ಲಿ ಕ್ಲಚ್ ಹೊರಗೆ, ಒಣಗಿ ಇರುತ್ತದೆ. ಅದಕ್ಕೇ ಕಾರಿನ ಆಯಿಲಿಗೆ ಜಾರುವ ಗುಣ ಹೆಚ್ಚಿಸುವ ಕೆಮಿಕಲ್ ಸೇರಿಸಿರುತ್ತಾರೆ, ಮೈಲೇಜ್ ಸಿಗಲಿ ಅಂತ. ಅದನ್ನು ಬೈಕಿಗೆ ಹಾಕಿದರೆ ಕ್ಲಚ್ ಪ್ಲೇಟುಗಳೂ ಜಾರಲು ಶುರು. ಎಲ್ಲ ಬೈಕಿನಲ್ಲೂ ತಕ್ಷಣ ಹೀಗೆ ಆಗುವುದಿಲ್ಲವಂತೆ. ನನ್ನದರಲ್ಲಿ ಕೇಬಲ್ ಬಿಗಿ, ಆಯಿಲ್ ತಪ್ಪು, ಮೇಲೆ ಇಬ್ಬರ ತೂಕ, ಘಾಟಿ. ಎಲ್ಲಾ ಸೇರಿತು. ಬೈಕಿನ ಆಯಿಲ್ ಡಬ್ಬದ ಹಿಂದೆ ಜಾಸೋ ಎಂಎ ಅಥವಾ ಎಂಎ2 ಅಂತ ಇರುತ್ತದೆ, ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಸರಿ ಅನ್ನುವ ಗುರುತು ಅದು. ನನ್ನ ಗಾಡಿಗೆ ಹಾಕಬೇಕಾದದ್ದು ಅಂಥ 10ಡಬ್ಲ್ಯೂ-40. ಹಿಡಿಯುವುದು ಒಂದು ಲೀಟರಿನ ಒಳಗೇ. ಚೀಟಿಯಲ್ಲಿ ಎರಡು ಲೀಟರ್ ಬರೆದಿದ್ದಾರೆ. ಎರಡು ಲೀಟರ್!

ಚೆನ್ನಾಗಿದ್ದ ಪ್ಲೇಟು ಈಗ ನಿಜವಾಗಿ ಸುಟ್ಟಿತ್ತು. ಹೊಸ ಪ್ಲೇಟು, ಗ್ಯಾಸ್ಕೆಟ್, ಆಯಿಲ್, ಕೂಲಿ ಸೇರಿ 4,900. ಹಳೇ ಪ್ಲೇಟುಗಳನ್ನು ಅವರೇ ಕವರಿಗೆ ಹಾಕಿ ಕೈಗೆ ಕೊಟ್ಟರು, ನಾನು ಕೇಳಲೂ ಇಲ್ಲ.

ನಾನು ಹೇಳಿದೆ ಅಂತ ಕೊನೆಗೆ ಮುಂದಿನ ಚಕ್ರದ ಬ್ರೇಕ್ ಪ್ಯಾಡೂ ನೋಡಿದರು. ಹಳೆಯದೇ. ಸವೆತ ಗೊತ್ತಾಗಲಿ ಅಂತ ಪ್ಯಾಡಿನ ಮಧ್ಯೆ ಇರುವ ಗೆರೆ ಅಳಿಸಿಹೋಗುವ ಹಾಗೆ ಸವೆದಿದೆ. ಕ್ಲಚ್ ಹೋದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಬ್ರೇಕ್? ಅದೇ ಬ್ರೇಕ್ ನಂಬಿಕೊಂಡು ಅವತ್ತು ಬೆಳಿಗ್ಗೆ ಮಳೆಯಲ್ಲಿ ಇಡೀ ಘಾಟಿ ಇಳಿದಿದ್ದೆ. ದುಡ್ಡು ಬೇಕಿದ್ದರೆ ಕ್ಲಚ್ಚಿನಲ್ಲಿ ಹೊಡೆಯಿರಿ, ಆಯಿಲಿನಲ್ಲಿ ಹೊಡೆಯಿರಿ. ಬ್ರೇಕಿನಲ್ಲೂ ಮೋಸ ಮಾಡುತ್ತಾರಾ?

ಮಾರನೇ ದಿನ ಆ ಗ್ಯಾರೇಜಿಗೆ ಹೋದೆ. ಸುಟ್ಟ ಪ್ಲೇಟು, ಚೀಟಿ, ಫೋಟೋ ಎಲ್ಲಾ ತೆಗೆದುಕೊಂಡು ಹೋಗಿದ್ದೆ. ಅವರ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

ಮೊದಲು, "ನೀನು ರೇಸ್ ಹೊಡೆದಿರ್ಬೇಕು. ಸ್ಪೋರ್ಟ್ಸ್ ಬೈಕ್ ಅಂದ್ರೆ ಹುಡುಗ್ರು ಸುಮ್ನೆ ಓಡಿಸ್ತಾರಾ?" ತಂಗಿಯನ್ನು ಕೂರಿಸಿಕೊಂಡು, ಮಳೆಯಲ್ಲಿ, ಘಾಟಿಯಲ್ಲಿ ರೇಸ್?

ಫೋಟೋ ತೋರಿಸಿದೆ. "ಆ ಡಬ್ಬ ಬೇರೆ ಗಾಡೀದು." ಅಣ್ಣ, ಫನಲ್ ನನ್ನ ಎಂಜಿನ್ನಲ್ಲಿದೆ ನೋಡಿ ಅಂದೆ. "ಡಬ್ಬ ಕಾರಿಂದೇ, ಒಳಗಿದ್ದದ್ದು ಬೈಕಿನ ಆಯಿಲ್. ನಾವು ಬ್ಯಾರಲ್‌ನಿಂದ ತುಂಬಿಸಿ ಇಡ್ತೇವೆ." ಎರಡು ಲೀಟರ್ ಯಾಕೆ ಅಂದೆ. "ಒಂದು ಲೀಟರ್ ಫ್ಲಶ್ ಮಾಡೋಕೆ." ಕ್ಲಚ್ ಕವರ್ ಬಿಚ್ಚೇ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹುಡುಗ ಮಾಡಿದ್ದು, ನಾನು ಅವತ್ತು ಪೇಟೆಗೆ ಹೋಗಿದ್ದೆ." ಫೋನ್ ಮಾಡಿ ಕ್ಲಚ್ ಹೋಗಿದೆ ಅಂದವರು ನೀವೇ ಅಲ್ವಾ ಅಂದೆ. ಆಗ ಧ್ವನಿ ಏರಿತು. "ಬಿಲ್ ಎಲ್ಲುಂಟು ತೋರ್ಸು." ಚೀಟಿ ಕೊಟ್ಟೆ. "ಇದು ಬಿಲ್ಲಲ್ಲ, ಎಸ್ಟಿಮೇಟ್. ಇದ್ರಲ್ಲಿ ನನ್ನ ಹೆಸ್ರು ಉಂಟಾ?"

ಇಲ್ಲ. ಇಲ್ಲವೇ ಇಲ್ಲ. ಆ ಚೀಟಿಯಲ್ಲಿ ಯಾರ ಹೆಸರೂ ಇಲ್ಲ. ಮೊದಲ ದಿನವೇ ಯೋಚಿಸಿ ಕೊಟ್ಟ ಚೀಟಿ ಅದು. ನನಗೆ ಅಲ್ಲಿ ನಿಂತಾಗ ಅರ್ಥವಾಯಿತು.

ಹೊರಡುವಾಗ ಹಿಂದಿನಿಂದ ಹೇಳಿದರು: "ನಿನ್ನಪ್ಪ ಇಷ್ಟು ವರ್ಷದಲ್ಲಿ ಒಂದು ದಿನ ಹೀಗೆ ಕೇಳ್ಲಿಲ್ಲ."

ಅದು ನಿಜ. ಅಪ್ಪ ಒಂದು ದಿನವೂ ಕೇಳಿಲ್ಲ. ಜೀಪಿಗೆ ಇಷ್ಟು ವರ್ಷ ಏನೇನು ಹಾಕಿದ್ದಾರೋ, ಏನೇನು ಹಾಕಿಲ್ಲವೋ. ರಾತ್ರಿ ಅಪ್ಪನಿಗೆ ಈ ಮಾತು ಹೇಳಿದೆ. ಅವರು ಏನೂ ಹೇಳಲಿಲ್ಲ, ಊಟ ಬಿಟ್ಟು ಎದ್ದರು. ನನಗೆ ದುಡ್ಡಿಗಿಂತ ಅದೇ ಜಾಸ್ತಿ ನೋವು.

ದುಡ್ಡು ಕೊಟ್ಟದ್ದು ಯುಪಿಐನಲ್ಲಿ, ಅದೊಂದು ಸಾಕ್ಷಿ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ. ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ, ಬೇಕಾದರೆ ಅಲ್ಲಿಗೂ ಹೋಗುತ್ತೇನೆ. ಎರಡು ವರ್ಷದ ಒಳಗೆ ಹೋಗಬಹುದು.

ಮಳೆಗಾಲ ಈಗಷ್ಟೇ ಶುರುವಾಗಿದೆ, ಎಷ್ಟೋ ಜನ ಗಾಡಿ ಸರ್ವಿಸಿಗೆ ಕೊಡುವ ಸಮಯ ಇದು. ದಯವಿಟ್ಟು ಎದುರಲ್ಲೇ ನಿಲ್ಲಿ. ಆಯಿಲ್ ಡಬ್ಬ ಸೀಲ್ ಒಡೆಯುವ ಮೊದಲು ನಿಮ್ಮ ಕೈಯಲ್ಲಿ ಹಿಡಿದು ಓದಿ, ಆಗದಿದ್ದರೆ ನೀವೇ ತೆಗೆದುಕೊಂಡು ಹೋಗಿ. ಫೋನಿನಲ್ಲಿ "ಹೋಗಿದೆ, ಹಾಕಲಾ" ಅಂದರೆ ಬಂದು ನೋಡ್ತೇನೆ ಅನ್ನಿ. ಹಳೇ ಪಾರ್ಟ್ ಕೊಡದವರಿಗೆ ದುಡ್ಡು ಕೊಡಬೇಡಿ. ಬಿಳಿ ಚೀಟಿ ತೆಗೆದುಕೊಳ್ಳಲೇಬೇಡಿ. ಪರಿಚಯ ಇದೆ, ಕೇಳಿದರೆ ಬೇಜಾರಾಗ್ತಾರೆ ಅಂತ ನಾನು ಸುಮ್ಮನಿದ್ದೆ. ಅವರಿಗೆ ನನ್ನ ಬಗ್ಗೆ ಅಂಥ ಬೇಜಾರು ಯಾವುದೂ ಇರಲಿಲ್ಲ.

ಗಾಡಿ ಇನ್ನೂ ಮಡಿಕೇರಿಯಲ್ಲೇ ಇದೆ. ಮುಂದಿನ ಪ್ಯಾಡ್ ಸ್ಟಾಕ್ ಇಲ್ಲ, ಮೈಸೂರಿನಿಂದ ಬರಬೇಕು ಅಂದಿದ್ದಾರೆ. ಶನಿವಾರ ಹೋಗುತ್ತೇನೆ. ಪಕ್ಕದಲ್ಲೇ ನಿಂತು ಹಾಕಿಸಿ, ಹಳೇ ಪ್ಯಾಡ್ ಕೈಗೆ ತೆಗೆದುಕೊಂಡೇ ದುಡ್ಡು ಕೊಡುತ್ತೇನೆ. ಅಪ್ಪ ಜೀಪು ತೆಗೆದುಕೊಂಡು ಜೊತೆಗೆ ಬರುತ್ತೇನೆ ಅಂದಿದ್ದಾರೆ, ಅದನ್ನೂ ಒಂದು ಸಲ ತೋರಿಸಬೇಕಂತೆ.