ಅನೇಕ್ ಕನ್ನಡ ಫಾಂಟ್: ಮೂರು ವರ್ಷ ಬೋರ್ಡು, ಲಗ್ನಪತ್ರ ಮಾಡಿದ ಮೇಲೆ

ಹುಬ್ಬಳ್ಳಿಯಲ್ಲಿ ನನ್ನದು ಸಣ್ಣ ಡಿಸೈನ್ ಅಂಗಡಿ. ಲಗ್ನಪತ್ರ, ಅಂಗಡಿ ಬೋರ್ಡು, ಜಾತ್ರೆ ಫ್ಲೆಕ್ಸು, ಇವೇ ಕೆಲಸ. ಅನೇಕ್ ಕನ್ನಡ ಫಾಂಟನ್ನು ಮೂರು ವರ್ಷದಿಂದ ದಿನಾ ಬಳಸುತ್ತಿದ್ದೇನೆ. ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆಯವರು ಮಾಡಿದ್ದು, 2022ರಲ್ಲಿ ಗೂಗಲ್ ಫಾಂಟ್ಸ್‌ಗೆ ಬಂತು. ದುಡ್ಡು ಕೊಡಬೇಕಿಲ್ಲ, ಗಿರಾಕಿ ಕೆಲಸಕ್ಕೂ ಧಾರಾಳವಾಗಿ ಹಾಕಬಹುದು. ಎಷ್ಟು ದಪ್ಪ ಸಿಗುತ್ತದೆ, ಎಷ್ಟು ಲಿಪಿ ಇವೆ ಅಂತ ನೀವೇ ನೋಡಿರುತ್ತೀರಿ. ನನಗೆ ಹೇಳಬೇಕಿರುವುದು ಅಕ್ಷರದ ಅಗಲದ ಬಗ್ಗೆ.

ನಮ್ಮ ಕಡೆ ಅಂಗಡಿ ಹೆಸರುಗಳು ಉದ್ದ. ಮೊದಲು ಮನೆದೇವರು, ಆಮೇಲೆ ಅಜ್ಜನ ಹೆಸರು, ಕೊನೆಗೆ ಟ್ರೇಡರ್ಸ್. ಬೋರ್ಡಿನಲ್ಲಿ 60% ಕನ್ನಡ ಇರಬೇಕು, ಅದೂ ಮೇಲುಗಡೆ ಇರಬೇಕು ಅಂತ 2024ರಲ್ಲಿ ಕಾನೂನು ಬಂದ ಮೇಲೆ ಹಳೇ ಬೋರ್ಡು ಬದಲಿಸುವವರು ಸಾಲುಗಟ್ಟಿದರು. ಬೋರ್ಡಿನ ಅಳತೆ ಅದೇ, ಕನ್ನಡ ಮಾತ್ರ ದೊಡ್ಡದಾಗಬೇಕು. ಮೊದಲೆಲ್ಲ ನಾವು ಏನು ಮಾಡುತ್ತಿದ್ದೆವು? ಹೆಸರನ್ನು ಮೌಸಿನಲ್ಲಿ ಹಿಡಿದು ಪಕ್ಕದಿಂದ ಒತ್ತಿಬಿಡುವುದು. ಒತ್ತಿದರೆ ತಲಕಟ್ಟು ದಪ್ಪ ಉಳಿಯುತ್ತದೆ, ನಿಂತ ಗೆರೆಗಳೆಲ್ಲ ಬಡಕಲಾಗುತ್ತವೆ. ಹುಬ್ಬಳ್ಳಿಯ ಯಾವ ರಸ್ತೆಯಲ್ಲಿ ನಿಂತು ನೋಡಿದರೂ ಇಂಥ ಬೋರ್ಡು ಕಾಣುತ್ತದೆ, ನಾನೇ ಮಾಡಿದ್ದೂ ಇವೆ.

ಅನೇಕ್‌ನಲ್ಲಿ ಸ್ಲೈಡರ್ ಎಳೆದರೆ ಅಕ್ಷರದ ಅಗಲ 125ರಿಂದ 75ರವರೆಗೆ ಇಳಿಯುತ್ತದೆ, ಮಾಮೂಲಿ ಅಗಲ 100. ಇಳಿದರೂ ಗೆರೆ ಬಡವಾಗುವುದಿಲ್ಲ. ಮೊದಲ ಸಲ ಅದನ್ನು ಎಳೆದು ನೋಡಿದಾಗ ನನಗೆ ನೆನಪಾದದ್ದು ನಮ್ಮ ಓಣಿಯ ಬೋರ್ಡ್ ಪೇಂಟರ್ ಕಾಕಾ. ಸಣ್ಣವನಿದ್ದಾಗ ಸಾಲಿ ಬಿಟ್ಟ ಮೇಲೆ ಅವರ ಪಕ್ಕದಲ್ಲೇ ಕೂತಿರುತ್ತಿದ್ದೆ. ದಾರಕ್ಕೆ ಸುಣ್ಣದ ಪುಡಿ ಹಚ್ಚಿ, ತಗಡಿನ ಮೇಲೆ ಬಿಗಿಹಿಡಿದು ಟಪ್ ಅಂತ ಮೀಟಿದರೆ ಗೆರೆ ಮೂಡುತ್ತಿತ್ತು. ಹೆಸರು ಉದ್ದ ಇದ್ದರೆ ಅವರು ಬ್ರಷ್ ಬದಲಿಸುತ್ತಿರಲಿಲ್ಲ. ಅಕ್ಷರದ ಹೊಟ್ಟೆಯನ್ನಷ್ಟೇ ಒಳಗೆ ತರುತ್ತಿದ್ದರು, ಗೆರೆಯ ದಪ್ಪ ಅಷ್ಟೇ ಇರುತ್ತಿತ್ತು. ಈ ಫಾಂಟ್ ಮಾಡುವುದೂ ಅದನ್ನೇ ಅಲ್ವಾ!

ಅವತ್ತಿನಿಂದ ಒಂದು ರೂಢಿ ಆಗಿದೆ. ಬೆಳಿಗ್ಗೆ ಅಂಗಡಿ ತೆರೆದು, ಚಹಾ ಬರುವ ತನಕ ಆ ದಿನದ ಬೋರ್ಡಿನ ಹೆಸರನ್ನು ಟೈಪ್ ಮಾಡಿ, ಅಗಲವನ್ನು ಸುಮ್ನೆ ಹಿಂದೆ ಮುಂದೆ ಎಳೆಯುತ್ತಾ ಕೂರುತ್ತೇನೆ. ಎಲ್ಲೋ ಒಂದು ಕಡೆ ಹೆಸರು ಬೋರ್ಡಿನಲ್ಲಿ ಸರಿಯಾಗಿ ಕೂತುಬಿಡುತ್ತದೆ. ಅದು ಕಣ್ಣಿಗೆ ಗೊತ್ತಾಗುತ್ತದೆ, ಅಳತೆ ಬೇಕಾಗುವುದಿಲ್ಲ.

ಇನ್ನು ಬೇಜಾರಿನ ವಿಷಯ. ಇದು ಯೂನಿಕೋಡ್ ಫಾಂಟು, ನಮ್ಮ ಪ್ರೆಸ್‌ಗಳಲ್ಲಿ ಇನ್ನೂ ಎಷ್ಟೋ ಕಡೆ ಹಳೇ ಸಾಫ್ಟ್‌ವೇರು, ಯೂನಿಕೋಡ್‌ಗಿಂತ ಮುಂಚಿನ ಹಳೇ ಆಸ್ಕಿ ಫಾಂಟು. ಅಲ್ಲಿ ಯೂನಿಕೋಡ್ ಒತ್ತಕ್ಷರ ಸರಿಯಾಗಿ ಕೂಡುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಲಗ್ನಪತ್ರದ ಫೈಲನ್ನು ಹಾಗೇ ಕಳಿಸಿಬಿಟ್ಟೆ. ಮದುವೆ ಲಕ್ಷ್ಮೇಶ್ವರದಲ್ಲಿ. ಕ, ಷ, ಮ ಮೂರೂ ಒಂದರ ಕೆಳಗೊಂದು ಕೂರುವ ಹೆಸರು ಅದು. ಪ್ರೆಸ್‌ನಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು, ಒಂದೊಂದು ಅಕ್ಷರವೂ ಬೇರೆ ಬೇರೆ ನಿಂತಿದೆ, ಯಾರೂ ನೋಡಿಲ್ಲ, 500 ಪ್ರತಿ ಅಚ್ಚಾಗಿ ಬಂತು. ಹುಡುಗಿಯ ಅಪ್ಪ ಕಟ್ಟು ಬಿಚ್ಚಿ ನೋಡಿ, "ತಮ್ಮಾ, ಊರ ಹೆಸರ ಹಿಂಗ ಮುರದ್ರ ನಾ ಯಾರಿಗ್ ಕೊಡ್ಲಿ?" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪ್ರೂಫ್ ನೋಡದೆ ಬಿಟ್ಟದ್ದು ನಾನು, ಹಾಗಾಗಿ ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಮಾಡಿಸಿ ಕೊಟ್ಟೆ. ಆ ತಿಂಗಳು ಅಂಗಡಿ ಬಾಡಿಗೆಗೇ ತತ್ವಾರ.

ಈಗ ಕರ್ವ್ ಮಾಡದೆ, ಅಂದರೆ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಬದಲಿಸದೆ, ಒಂದು ಫೈಲೂ ಹೊರಗೆ ಹೋಗುವುದಿಲ್ಲ. ಅದರಲ್ಲೂ ಕಿರಿಕಿರಿ ಇದೆ. ಪ್ಲೇಟ್ ಹಾಕುವ ಹೊತ್ತಿಗೆ "ಸುಖಾಗಮನ ಬಯಸುವವರು" ಪಟ್ಟಿಗೆ ಸೋದರಮಾವನ ಹೆಸರು ಬಿಟ್ಟಿದೆ ಅಂತ ಫೋನ್ ಬರುತ್ತದೆ. ಕರ್ವ್ ಆದ ಅಕ್ಷರ ತಿದ್ದಲು ಬರುವುದಿಲ್ಲ, ಮೂಲ ಫೈಲ್ ತೆಗೆದು ಮೊದಲಿನಿಂದ ಮಾಡಬೇಕು. ಅದಕ್ಕೇ ಎರಡೆರಡು ಫೈಲ್ ಇಟ್ಟುಕೊಳ್ಳುತ್ತೇನೆ. ಇದು ಫಾಂಟಿನ ತಪ್ಪಲ್ಲ ಅಂತ ಗೊತ್ತು. ಆದರೆ ನಮ್ಮೂರಲ್ಲಿ ಬಳಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ನಿಮ್ಮ ಸಾಫ್ಟ್‌ವೇರಿನಲ್ಲಿ ಅಗಲ ಎಳೆಯಲು ಆಗದಿದ್ದರೆ ಡೌನ್‌ಲೋಡ್ ಮಾಡಿದ ಜಿಪ್‌ನಲ್ಲಿ ಸ್ಟ್ಯಾಟಿಕ್ ಅಂತ ಫೋಲ್ಡರ್ ಇದೆ, ಒಂದೊಂದು ಅಗಲಕ್ಕೂ ಬೇರೆ ಬೇರೆ ಫೈಲ್ ಸಿಗುತ್ತದೆ. ಫ್ಲೆಕ್ಸಿಗೆ ತೀರಾ 75ಕ್ಕೆ ಇಳಿಸಬೇಡಿ, ಅದರಲ್ಲೂ ದಪ್ಪ ಅಕ್ಷರದಲ್ಲಿ ದೂರದಿಂದ ಒತ್ತಕ್ಷರ ಮುಚ್ಚಿಕೊಂಡಂತೆ ಕಾಣುತ್ತದೆ. ಎರಡು ಸಾಲು ಇದ್ದರೆ ನಡುವೆ ಜಾಗ ಸ್ವಲ್ಪ ಜಾಸ್ತಿ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಲಗ್ನಪತ್ರದ ಮೇಲಿನ ಹೆಸರಿಗೆ ಮಾತ್ರ ಇದು ನನಗೆ ಸಾಲದು. ಮದುಮಕ್ಕಳ ಹೆಸರಿಗೆ ಇನ್ನಷ್ಟು ಬಳುಕು ಬೇಕು. ಅದಕ್ಕೆ ಭಾನುವಾರ ನಮ್ಮೂರ ದುರ್ಗದಬೈಲು ಪೇಟೆಯ ಸುತ್ತ ಓಡಾಡಿ, ಕೈಯಲ್ಲಿ ಬರೆದ ಹಳೇ ಬೋರ್ಡು ಉಳಿದಲ್ಲೆಲ್ಲ ಫೋಟೋ ತೆಗೆದುಕೊಂಡು ಬರುತ್ತೇನೆ. ಅದರಲ್ಲೊಂದು "ಶ್ರೀ" ಇದೆ, ಬಣ್ಣ ಅರ್ಧ ಉದುರಿದೆ, ಬಾಲ ಮಾತ್ರ ಹಾಗೇ ಇದೆ. ಈ ಸಲದ ಲಗ್ನಪತ್ರಕ್ಕೆ ಅದನ್ನು ನೋಡಿ ಕೈಯಲ್ಲೇ ಬರೆದೆ. ಒಳಗಿನ ಮ್ಯಾಟರ್ ಎಲ್ಲ ಅನೇಕ್.