ಬಾಂಡುಂಗಿನ ಸಿಲಾತ್ ಅಂಗಳ: 14 ತಿಂಗಳು ಕಲಿತ ಮೇಲೆ

ಮೊದಲ ಎರಡು ತಿಂಗಳು ನನ್ನನ್ನು ಎದ್ದು ನಿಲ್ಲಲೂ ಬಿಡಲಿಲ್ಲ. ಸಿಮೆಂಟ್ ನೆಲದ ಮೇಲೆ ಚಾಪೆ, ಎದುರಿಗೆ ಇನ್ನೊಬ್ಬ ಶಿಷ್ಯ, ಮಧ್ಯೆ ಮೊಳದಷ್ಟು ಜಾಗ. ಕೂತಲ್ಲೇ ಅವನ ಮುಂಗೈ ನನ್ನ ಮುಂಗೈಗೆ ಬಂದು ಬಡಿಯಬೇಕು, ನಾನು ಅದನ್ನು ಪಕ್ಕಕ್ಕೆ ಸರಿಸಬೇಕು. ಅಷ್ಟೇ. ಸಿಲಾತ್ ಅಂದರೆ ಇಂಡೋನೇಷ್ಯಾದ ಹೊಡೆದಾಟದ ಕಲೆ. ಅದನ್ನು ಕಲಿಯೋಣ ಅಂತ ಹೋದವನಿಗೆ ಇದೇನಪ್ಪಾ ಅನ್ನಿಸಿತ್ತು. ಈಗ 14 ತಿಂಗಳಾಯಿತು. ಇಲ್ಲಿಗೆ ಕೆಲಸಕ್ಕೆ ಬಂದ ಕನ್ನಡದವರು "ಆ ಕ್ಲಾಸ್ ಹೇಗಿದೆ, ಸೇರಬಹುದಾ?" ಅಂತ ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಪಶ್ಚಿಮ ಜಾವಾದ ಬಾಂಡುಂಗ್ ನಗರದ ಹೊರಗಿನ ಒಂದು ಬಟ್ಟೆ ಮಿಲ್ಲಿನಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತೇನೆ. ಊರು ಸಾಗರ. ಹುಡುಗನಾಗಿದ್ದಾಗ ಮಾವನ ಹತ್ತಿರ ನಾಲ್ಕು ವರ್ಷ ಯಕ್ಷಗಾನದ ಮದ್ದಳೆ ಕಲಿತಿದ್ದೆ. ಆ ಅಂಗಳಕ್ಕೆ ನನ್ನನ್ನು ಎಳೆದದ್ದೂ ವಾದ್ಯದ ಸದ್ದೇ. ಒಂದು ಶನಿವಾರ ರಾತ್ರಿ ಬೈಕಿನಲ್ಲಿ ಮನೆಗೆ ಬರುತ್ತಿದ್ದೆ. ಗಲ್ಲಿಯ ಒಳಗಿನಿಂದ ಚರ್ಮವಾದ್ಯದ ಬಡಿತ ಕೇಳಿಸಿತು. ಬೈಕ್ ನಿಲ್ಲಿಸಿ ಒಳಗೆ ಹೋದೆ. ಬಡಾವಣೆಯ ಸಮುದಾಯ ಭವನದ ಮುಂದೆ ಕಪ್ಪು ಬಟ್ಟೆ ಹಾಕಿಕೊಂಡ ಮುದುಕರೊಬ್ಬರು ಒಂದೊಂದೇ ಹೆಜ್ಜೆ ಇಡುತ್ತಾ ನಿಧಾನವಾಗಿ ಕುಣಿಯುತ್ತಿದ್ದರು. ಕೈ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಇದ್ದಕ್ಕಿದ್ದಂತೆ ಅದೇ ಕೈ ಏಟಾಗಿ ಬಿತ್ತು, ಸರಿಯಾಗಿ ಆ ಕ್ಷಣಕ್ಕೇ ವಾದ್ಯದ ಮೇಲೂ ಪೆಟ್ಟು ಬಿತ್ತು. ನನ್ನ ಮೈ ಜುಮ್ಮೆಂದಿತು.

ಆ ಮುದುಕರೇ ಇಲ್ಲಿನ ಗುರುಗಳು. ಎಲ್ಲರೂ ಅವರನ್ನು ಅಬಾಹ್ ಅನ್ನುತ್ತಾರೆ, ಅಂದರೆ ಅಪ್ಪ. ಮೂಲ ಊರು ಚಿಯಾಂಜುರ್. ಬಾಂಡುಂಗಿನಿಂದ ಬೋಗೊರ್ ಕಡೆ ಹೋಗುವಾಗ ಸಿಗುತ್ತದೆ. ಆ ಊರಿಗೆ ಮೂರು ಕಂಬ ಅಂತ ಅವರು ಹೆಮ್ಮೆಯಿಂದ ಹೇಳುತ್ತಾರೆ: ಕುರಾನ್ ಓದು, ಹಾಡು, ಮತ್ತೆ ಮಾಎನ್‌ಪೊ. ಮಾಎನ್‌ಪೊ ಅಂದರೆ ಪಶ್ಚಿಮ ಜಾವಾದ ಸುಂಡಾ ಜನ ಸಿಲಾತಿಗೆ ಇಟ್ಟಿರುವ ಹೆಸರು. ಹಾಡನ್ನೂ ಕಾಳಗವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಊರು ಅಂದಮೇಲೆ ನನಗೆ ಅಲ್ಲಿಗೇ ಅರ್ಧ ಒಪ್ಪಿಗೆಯಾಯಿತು.

ಹೆಸರಿನ ವಿಷಯ ಒಂದು ಮಾತು. ಜಾವಾದಲ್ಲಿ ಜಾಸ್ತಿ ಪೆಂಚಾಕ್ ಅನ್ನುತ್ತಿದ್ದರು, ಪಶ್ಚಿಮ ಸುಮಾತ್ರಾದಲ್ಲಿ ಸಿಲಾತ್. 1948ರಲ್ಲಿ ಸುರಕಾರ್ತಾದಲ್ಲಿ ರಾಷ್ಟ್ರೀಯ ಸಂಘ ಹುಟ್ಟಿದಾಗ ಎರಡನ್ನೂ ಸೇರಿಸಿ ಪೆಂಚಾಕ್ ಸಿಲಾತ್ ಅಂತ ಇಟ್ಟರು. 2019ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿತು. ಇದಕ್ಕೆ ನಾಲ್ಕು ಮುಖ ಅಂತ ಇಲ್ಲಿಯವರು ಲೆಕ್ಕ ಹಾಕುತ್ತಾರೆ: ಮನಸ್ಸಿನ ಶಿಸ್ತು, ಆತ್ಮರಕ್ಷಣೆ, ಕಲೆ, ಕ್ರೀಡೆ.

ಈ ಅಂಗಳಕ್ಕೆ ಬರುವ ಮುಂಚೆ ನಾನು ಒಂದು ಮಾಲಿನ ಜಿಮ್‌ನಲ್ಲಿ ಎಂಟು ವಾರದ ಸಿಲಾತ್ ಕೋರ್ಸ್ ಮಾಡಿದ್ದೆ. ಅಲ್ಲಿ ಇದ್ದದ್ದು ನಾಲ್ಕನೆಯ ಮುಖ ಮಾತ್ರ. ಗುದ್ದಿಗೆ 1 ಅಂಕ, ಒದೆತಕ್ಕೆ 2, ಕೆಡವಿದರೆ 3. ಸ್ಪರ್ಧೆಯನ್ನು ನಾನು ಕೀಳಾಗಿ ನೋಡುವುದಿಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಸಿಲಾತಿನ 16 ಚಿನ್ನದಲ್ಲಿ 14 ಇಂಡೋನೇಷ್ಯಾಕ್ಕೇ ಬಂದವು, ಈ ಅಂಗಳದ ಹುಡುಗರು ಇವತ್ತಿಗೂ ಅದನ್ನೇ ಮಾತಾಡುತ್ತಾರೆ. ಆದರೆ ಎಂಟು ವಾರ ಮುಗಿದ ಮೇಲೆ ನನ್ನ ಹತ್ತಿರ ಉಳಿದದ್ದು ಒಂದು ಟೀ ಶರ್ಟ್ ಮತ್ತು ನೋಯುವ ತೊಡೆ. ಯಾಕೆ ಹಾಗೆ ಮಾಡಬೇಕು ಅಂತ ಯಾರೂ ಹೇಳಲಿಲ್ಲ.

ಅಬಾಹ್ ಕೂಡ ಬಾಯಿಬಿಟ್ಟು ಹೇಳುವುದು ಕಡಿಮೆಯೇ. ಅವರು ಮುಟ್ಟಿ ಹೇಳುತ್ತಾರೆ. ಮೂರನೆಯ ತಿಂಗಳಲ್ಲಿ ಒಂದು ರಾತ್ರಿ ತಮ್ಮ ಮುಂಗೈಯನ್ನು ನನ್ನ ಮುಂಗೈ ಮೇಲೆ ಇಟ್ಟು "ತಳ್ಳು" ಅಂದರು. ವಯಸ್ಸು 70 ದಾಟಿದೆ, ಕೈ ನೋಡಿದರೆ ಒಣ ಕಡ್ಡಿ. ಮೆಲ್ಲಗೆ ತಳ್ಳಿದೆ. "ಇನ್ನೂ" ಅಂದರು. ಪೂರ್ತಿ ಬಲ ಹಾಕಿದೆ. ಎದುರಿಗಿದ್ದ ಕೈ ಮಾಯವಾಯಿತು. ನಾನು ಚಾಪೆ ದಾಟಿ ಮೂಗು ನೆಲಕ್ಕೆ ತಾಗುವಷ್ಟು ಮುಂದೆ ಬಿದ್ದಿದ್ದೆ. ಅವರ ಕೈ ನನ್ನ ಕುತ್ತಿಗೆಯ ಹಿಂದೆ, ಹಕ್ಕಿ ಕೂತಷ್ಟು ಹಗುರ. "ರಸಾಕೆನ್" ಅಂದರು. ಅನುಭವಿಸು, ಮುಟ್ಟಿ ತಿಳಿದುಕೋ ಅಂತ. ನಮ್ಮ "ರಸ" ಪದವೇ ಅದು, ಇಲ್ಲಿಗೆ ಬಂದು ಸ್ಪರ್ಶದ ಅರಿವೂ ಆಗಿಬಿಟ್ಟಿದೆ.

ಇದು ಚಿಯಾಂಜುರ್ ಸೀಮೆಯ ಚಿಕಾಲೊಂಗ್ ಪದ್ಧತಿಯ ಜೀವಾಳ. 19ನೆಯ ಶತಮಾನದಲ್ಲಿ ರಾದೆನ್ ಹಾಜಿ ಇಬ್ರಾಹಿಂ ಕಟ್ಟಿದ ಪದ್ಧತಿ. ಬಲಕ್ಕೆ ಬಲ ಕೊಡಬೇಡ. ಎದುರಾಳಿಯ ಕೈಗೆ ನಿನ್ನ ಕೈ ಅಂಟಿಕೊಂಡಿರಲಿ. ಅವನು ಎತ್ತ ಹೊರಟಿದ್ದಾನೆ ಅನ್ನುವುದನ್ನು ಕಣ್ಣಿಗಿಂತ ಮುಂಚೆ ಚರ್ಮ ಹೇಳುತ್ತದೆ. ಕೂತು ಕಲಿಸುವ ಕ್ರಮ ಮಾತ್ರ ಇನ್ನೊಂದು ಹಳೆಯ ಮನೆತನದ್ದು, ಬೋಗೊರ್ ಕಡೆಯ ಚಿಮಾಂದೆಯದ್ದು. ಕೂತರೆ ಓಡಿ ತಪ್ಪಿಸಿಕೊಳ್ಳಲು ಕಾಲಿಲ್ಲ. ಬರುವ ಏಟನ್ನು ಕೈಯೇ ನೋಡಿಕೊಳ್ಳಬೇಕು. ಎರಡು ತಿಂಗಳು ನನ್ನನ್ನು ಯಾಕೆ ಕೂರಿಸಿದ್ದರು ಅಂತ ಆ ರಾತ್ರಿ ಗೊತ್ತಾಯಿತು. ಪ್ರತಿ ಅಭ್ಯಾಸದ ಕೊನೆಗೆ ಬಾಲುರ್ ಎಣ್ಣೆ ಹಚ್ಚಿ ಮುಂಗೈ ನೀವುತ್ತಾರೆ. ಮೊದಲೆಲ್ಲ ನೀಲಿಗಟ್ಟುತ್ತಿದ್ದ ನನ್ನ ಕೈ ಈಗ ಹಾಗಾಗುವುದಿಲ್ಲ. ಎಣ್ಣೆಯಿಂದಲೋ ಅಭ್ಯಾಸದಿಂದಲೋ, ಎರಡೂ ಸೇರಿಯೋ.

ಕಾಲಿನ ಪಾಠ ಆಮೇಲೆ ಬಂತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಬರೆಯುತ್ತಾರೆ. ಏಟು ಬರುವ ಗೆರೆಯ ಮೇಲೆ ನಿಲ್ಲಬಾರದು, ಮೂಲೆಗೆ ಹೋಗಬೇಕು. ಹಿಂದಕ್ಕೆ ಓಡಬಾರದು, ಓರೆಯಾಗಿ ಮುಂದಕ್ಕೇ ಹೋಗಬೇಕು. ಮಂಡಿ ಬಗ್ಗಿಸಿ ನಿಲ್ಲುವ ಭಂಗಿಗೆ ಕುದಾ-ಕುದಾ ಅನ್ನುತ್ತಾರೆ. ಕುದಾ ಅಂದರೆ ಕುದುರೆ. ನಮ್ಮ ಕಿವಿಗೆ ಇದನ್ನು ನೆನಪಿಡುವುದು ಕಷ್ಟವೇ ಇಲ್ಲ, ಅಲ್ವಾ?

ನಾನು ಈ ಜಾಗಕ್ಕೆ ಮನಸೋತದ್ದು ಮಾತ್ರ ವಾದ್ಯಗಳಿಂದ. ತಿಂಗಳಿಗೊಂದು ಶನಿವಾರ ಪೂರ್ತಿ ಮೇಳ ಬರುತ್ತದೆ. ಎರಡು ಜೊತೆ ಕೆಂದಾಂಗ್, ಒಂದು ಸಣ್ಣ ಗೊಂಗ್, ಒಂದು ತರೋಂಪೆತ್. ತರೋಂಪೆತ್ ನಮ್ಮ ಓಲಗದ ಬಳಗದ್ದೇ, ಗಲ್ಲಿಯ ಕೊನೆಯವರೆಗೂ ಕೇಳುತ್ತದೆ. ಕೆಂದಾಂಗ್ ಎರಡು ಮುಖದ ಚರ್ಮವಾದ್ಯ. ಒಂದು ಜೊತೆಗೆ ತಾಯಿ ಅಂತ ಹೆಸರು, ಇನ್ನೊಂದಕ್ಕೆ ಮಗು ಅಂತ. ನುಡಿಸುವವರು ಹಿಮ್ಮಡಿಯನ್ನು ಚರ್ಮಕ್ಕೆ ಒತ್ತಿ ಸ್ವರ ಏರಿಸುತ್ತಾರೆ, ಇಳಿಸುತ್ತಾರೆ. ಮದ್ದಳೆ ಕಲಿತವನಿಗೆ ಇದನ್ನು ನೋಡುವುದೇ ಹಬ್ಬ. ತೆಪಾಕ್ ದುಆ ಅನ್ನುವ ನಿಧಾನದ ನಡೆಯಲ್ಲಿ ಆಟ ಶುರುವಾಗಿ, ಪಾದುಂಗ್‌ದುಂಗ್ ಅನ್ನುವ ಬಿರುಸಿನ ನಡೆಯಲ್ಲಿ ಕಾಳಗ ಮುಗಿಯುತ್ತದೆ.

ಇಲ್ಲಿ ವಾದ್ಯದವರು ಆಟಗಾರನನ್ನು ನೋಡಿಕೊಂಡೇ ನುಡಿಸುತ್ತಾರೆ. ನಮ್ಮ ಮಾವ ಹೇಳುತ್ತಿದ್ದದ್ದೂ ಅದೇ: "ಅಪ್ಪಿ, ವೇಷದ ಕಾಲು ನೋಡು, ಕೈ ತಾನಾಗಿ ಬರುತ್ತೆ." ಆ ಮಾತನ್ನು ಕಾಳಗಕ್ಕೆ ಹಚ್ಚಿ ನೋಡಿದೆ. ಎದುರಾಳಿ ಒಂದು ಹೆಜ್ಜೆ ಎತ್ತಿ ಇನ್ನೂ ಊರದೆ ಇರುವ ಹೊತ್ತು ಇದೆಯಲ್ಲ, ಎರಡು ಪೆಟ್ಟಿನ ನಡುವಿನ ಆ ಖಾಲಿ, ಅಲ್ಲಿ ಅವನು ಏನನ್ನೂ ಬದಲಾಯಿಸಲಾರ. ಒಳಗೆ ಹೋಗಬೇಕಾದ್ದು ಆಗಲೇ. ಅವನ ಏಟಿಗೆ ಕಾದು ಆಮೇಲೆ ಹೊರಟರೆ ತಾಳ ತಪ್ಪಿದ ಹಾಗೆ. ಇದು ಹೊಳೆದ ದಿನ ನಾನು ಮೊದಲ ಸಲ ನನಗಿಂತ 20 ವರ್ಷ ಚಿಕ್ಕವನಾದ ಹುಡುಗನ ಕೈ ತಪ್ಪಿಸಿ ಅವನ ಪಕ್ಕಕ್ಕೆ ಹೋಗಿ ನಿಂತೆ. ಅವನೇ ಚಪ್ಪಾಳೆ ತಟ್ಟಿದ.

ಸೇರುವಾಗ ಚಿಮಾಂದೆಯವರ ತಾಲೆಕ್ ಓದಿಸುತ್ತಾರೆ. ಅದು ಪ್ರತಿಜ್ಞೆ. ದೇವರಿಗೆ ವಿಧೇಯನಾಗಿರು. ತಂದೆತಾಯಿ, ಗುರುವಿಗೆ ಎದುರು ನಿಲ್ಲಬೇಡ. ಜೂಜು ಬೇಡ, ಕಳ್ಳತನ ಬೇಡ, ಕುಡಿತ ಬೇಡ, ಸೊಕ್ಕು ಬೇಡ. ಇದು ಇಸ್ಲಾಮಿನ ಸಂಪ್ರದಾಯದೊಳಗೆ ಬೆಳೆದ ವಿದ್ಯೆ, ತರಗತಿ ಶುರುವಾಗುವುದೂ ಪ್ರಾರ್ಥನೆಯಿಂದಲೇ. ನನಗೆ ಹೇಗೋ ಏನೋ ಅಂತ ಅಳುಕಿತ್ತು. ಅಬಾಹ್ ನನ್ನನ್ನು ಪಕ್ಕಕ್ಕೆ ಕರೆದು, "ನೀವು ನಿಮ್ಮ ದೇವರನ್ನು ನೆನೆಸಿಕೊಳ್ಳಿ, ಆದರೆ ನೆನೆಸಿಕೊಳ್ಳಿ" ಅಂದರು. ಆವತ್ತಿನಿಂದ ನಾನು ನಮ್ಮೂರಿನ ಮಾರಿಕಾಂಬೆಯನ್ನು ನೆನೆಸಿಕೊಂಡೇ ಕೂರುತ್ತೇನೆ. ಶಿಷ್ಯರ ನಡುವೆ ಜಗಳವಾದರೆ ಇಬ್ಬರಿಗೂ ಒಂದು ವಾರ ಅಭ್ಯಾಸವಿಲ್ಲ, ತಪ್ಪು ಯಾರದೇ ಇರಲಿ. ಹದಿಹರೆಯದ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಈ ಒಂದು ನಿಯಮವೇ ಸಾಕು ಇಲ್ಲಿಗೆ ಕಳಿಸಲು.

ಇನ್ನು ಕೊರತೆಗಳು. ರಾತ್ರಿ 8 ಅಂದರೆ 8 ಮುಕ್ಕಾಲು. ಮಳೆ ಬಂದರೆ ತರಗತಿ ಇಲ್ಲ, ಆದರೆ ಇಲ್ಲ ಅಂತ ಯಾರೂ ತಿಳಿಸುವುದಿಲ್ಲ. ಬಾಂಡುಂಗಿನ ಮಳೆಗಾಲದಲ್ಲಿ ನಾನು ಆರು ಸಲ ನೆನೆದುಕೊಂಡು ಹೋಗಿ ಬಂದಿದ್ದೇನೆ. ಪಾಠ ಸುಂಡಾ ಭಾಷೆಯಲ್ಲಿ ನಡೆಯುತ್ತದೆ. ಇಂಡೋನೇಷ್ಯನ್ ಕಲಿತು ಹೋದ ನನಗೂ ಮೊದಲು ಅರ್ಧ ತಲೆಗೆ ಹೋಗಲಿಲ್ಲ. ಹೆಂಗಸರಿಗೆ ಬಟ್ಟೆ ಬದಲಿಸಲು ಸರಿಯಾದ ಕೋಣೆ ಇಲ್ಲ. ಏಳೆಂಟು ಹುಡುಗಿಯರು ಕಲಿಯುತ್ತಿರುವ ಜಾಗದಲ್ಲಿ ಇದು ದೊಡ್ಡ ತಪ್ಪು, ನಾನು ನೇರವಾಗಿಯೇ ಹೇಳಿದ್ದೇನೆ. ನನಗೆ ಎಲ್ಲಕ್ಕಿಂತ ಬೇಸರ ತಂದದ್ದು ಜುಲೈ ತಿಂಗಳು. ಆಗಸ್ಟ್ 17ರ ಸ್ವಾತಂತ್ರ್ಯ ದಿನದ ಪ್ರದರ್ಶನಕ್ಕೆ ತಯಾರಿ ಅಂತ ಇಡೀ ತಿಂಗಳು ಸಾಲಾಗಿ ನಿಂತು ಒಂದೇ ಕುಣಿತ. ಹೊಸಬರಿಗೆ ಹೇಳಿಕೊಡುವವರೇ ಇರಲಿಲ್ಲ. ಆ ತಿಂಗಳು ಸೇರಿದ ನಾಲ್ಕು ಜನರಲ್ಲಿ ಮೂವರು ಬಿಟ್ಟುಹೋದರು. ಹಾಗಾಗಿ ಜುಲೈನಲ್ಲಿ ಸೇರಬೇಡಿ.

ತಿಂಗಳಿಗೆ 75,000 ರೂಪಿಯಾ. ಪಂಗ್ಸಿ ಅನ್ನುವ ಕಪ್ಪು ಸಡಿಲ ಅಂಗಿ, ಷರಾಯಿಗೆ ನಾನು 1,80,000 ಕೊಟ್ಟೆ, ಒಂದು ಜೊತೆ ಸಾಕು. ಮಂಡಿ ನೋವಿರುವವರು ದಪ್ಪ ಚಾಪೆ ತೆಗೆದುಕೊಂಡು ಹೋಗಿ, ಸಿಮೆಂಟ್ ತುಂಬ ತಣ್ಣಗಿರುತ್ತದೆ. ಅಭ್ಯಾಸ ಮುಗಿದ ಮೇಲೆ ಬಂದ್ರೆಕ್ ಕೊಡುತ್ತಾರೆ, ಶುಂಠಿ ಮತ್ತು ತಾಳೆಬೆಲ್ಲದ ಬಿಸಿ ಕಷಾಯ. ಜೊತೆಗೆ ಬಾಲಾ-ಬಾಲಾ, ಅಂದರೆ ಎಲೆಕೋಸು, ಕ್ಯಾರೆಟ್ ಹಾಕಿದ ಬಜ್ಜಿ. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಂಡು ತಿನ್ನಿ. ಬೇಗ ಹೊಡೆದಾಟ ಕಲಿಯಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ. ಒಂದು ವರ್ಷ ಕೊಡಲು ಸಿದ್ಧರಿದ್ದರೆ ಕಣ್ಣು ಮುಚ್ಚಿಕೊಂಡು ಸೇರಿ.

ಹೋದ ವಾರ ಮಾವನಿಗೆ ವಿಡಿಯೋ ಕಾಲ್ ಮಾಡಿ ಮೇಳ ತೋರಿಸಿದೆ. ಎರಡು ನಿಮಿಷ ಸುಮ್ನೆ ಕೇಳಿದರು. ಆಮೇಲೆ, "ಬಲಗೈ ಗಟ್ಟಿ ಇದೆ ಅವನಿಗೆ. ನಿನಗೆ ಕೊಡ್ತಾರಾ ನುಡಿಸೋಕೆ?" ಅಂದರು. ಅಬಾಹ್‌ಗೆ ಕೇಳಿದೆ. ಮುಂದಿನ ತಿಂಗಳು ಮಗು ಕೆಂದಾಂಗಿನ ಪಕ್ಕ ಕೂರು, ಮೊದಲು ಬರೀ ಕೇಳು ಅಂದಿದ್ದಾರೆ.